ಗೆಳೆಯರ ಬಾಯಲ್ಲಿ ‘ಪೈಲಟ್ಟು’ ಆದವರಿಗೆ

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಟೀ ಅಂಗಡಿಯಲ್ಲಿ ನನ್ನ ಹೆಸರೇ ‘ಪೈಲಟ್ಟು’. ಕಂಪ್ಯೂಟರಿನಲ್ಲಿ ನಿಜದ ಹಾಗೇ ವಿಮಾನ ಹಾರಿಸೋ ‘ಫ್ಲೈಟ್ ಸಿಮ್ಯುಲೇಟರ್’ ನನ್ನ ಹುಚ್ಚು. ಅದು ಗುಂಡು ಹಾರಿಸೋ ಆಟ ಅಂತ ಗೆಳೆಯರ ಲೆಕ್ಕ. ವಾದ ಮಾಡಿ ಸೋತೆ, ನೀವು ಮಾಡಬೇಡಿ. ಮನೆಗೆ ಕರೆದು ಕೂರಿಸಿ.

ಮೊದಲ ದಿನವೇ ಏರ್‌ಬಸ್‌ನಂಥ ದೊಡ್ಡ ವಿಮಾನ ಬೇಡ. ಅಷ್ಟು ಗುಂಡಿ ನೋಡಿಯೇ ಎದ್ದು ಹೋಗ್ತಾರೆ (ನನ್ನ ಭಾಮೈದ ಹೋದ). ಸೆಸ್ನಾ 172 ಅನ್ನೋ ಪುಟ್ಟ ವಿಮಾನ ಸಾಕು. ದೇವನಹಳ್ಳಿ ವಿಮಾನ ನಿಲ್ದಾಣದಿಂದ ಎಬ್ಬಿಸಿ ಉತ್ತರಕ್ಕೆ ತಿರುಗಿಸಿ. ನಂದಿಬೆಟ್ಟ ಸಮುದ್ರಮಟ್ಟದಿಂದ ಸುಮಾರು 4,850 ಅಡಿ, ನೀವು 6,000ದಲ್ಲಿರಿ. ಬೆಟ್ಟ ಕಂಡದ್ದೇ ತಡ, ನಗು ನಿಂತು ‘ನಮ್ಮನೆ ಎಲ್ಲೋ?’ ಶುರುವಾಗುತ್ತೆ.

ಇಳಿಸೋದನ್ನು ಅವರ ಕೈಗೇ ಕೊಡಿ. ಒಂದು ನಾಟಿಕಲ್ ಮೈಲಿಗೆ (ಸುಮಾರು 1.85 ಕಿ.ಮೀ.) ಸುಮಾರು 300 ಅಡಿ ಇಳಿಕೆ, ಅಂದರೆ ರನ್‌ವೇ ಇನ್ನೂ 5 ನಾಟಿಕಲ್ ಮೈಲಿ ದೂರ ಇರುವಾಗ ನೆಲದಿಂದ 1,500 ಅಡಿ. ಕೊನೆಗೆ ವೇಗ 65 ನಾಟ್ (ಗಂಟೆಗೆ ಸುಮಾರು 120 ಕಿ.ಮೀ.) ಆಸುಪಾಸು. ಆದರೆ ಆ 5 ಮೈಲಿ ದೂರದಲ್ಲಿ ಎತ್ತರದ ಮೀಟರು 1,500 ಅಲ್ಲ, 4,500 ತೋರಿಸುತ್ತೆ, ಯಾಕಂದರೆ ದೇವನಹಳ್ಳಿಯ ನೆಲವೇ ಸಮುದ್ರಮಟ್ಟಕ್ಕಿಂತ ಹತ್ತಿರತ್ತಿರ 3,000 ಅಡಿ ಮೇಲಿದೆ. ಇದನ್ನು ಮೊದಲೇ ಹೇಳಿಬಿಡಿ. ನಾನು ಮರೆತೆ, ಮೀಟರಿನಲ್ಲಿ 1,500 ಬರಲಿ ಅಂತ ಕಾಯ್ತಾ ಗೆಳೆಯ ವಿಮಾನವನ್ನು ದ್ರಾಕ್ಷಿ ತೋಟಕ್ಕೆ ನುಗ್ಗಿಸಿದ.

ಈಗ ಅಂಗಡಿಯಲ್ಲಿ ಅವನು ‘ದ್ರಾಕ್ಷಿ ಪೈಲಟ್ಟು’. ಭಾನುವಾರ ನನಗಿಂತ ಮೊದಲು ಅವನೇ ಕುರ್ಚಿ ಹಿಡಿದಿರ್ತಾನೆ.