ಪ್ರೊಸೆಸರ್ ತಿನ್ನುತ್ತಿರುವುದು ಯಾರು, ಒಳಗಿನವರಾ ಹೊರಗಿನವರಾ?

ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರ್‌ನೊಳಗೆ ಇನ್ನೊಂದು ನಕಲಿ ಕಂಪ್ಯೂಟರ್ ಓಡಿಸುವ ತಂತ್ರಾಂಶ) ಹಾಕಿಕೊಂಡು ಅದರೊಳಗೆ ಉಬುಂಟು ಎಂಬ ಲಿನಕ್ಸ್ ಓಡಿಸುತ್ತೀರಾ? ಹಾಗಿದ್ದರೆ ಈ ಪಾಡು ನಿಮಗೂ ಗೊತ್ತು. ಒಳಗೆ ಸುಮ್ನೆ ಡೆಸ್ಕ್‌ಟಾಪ್ ತೆರೆದಿದೆ, ಅಷ್ಟೇ. ಫ್ಯಾನ್ ಮಾತ್ರ ಮಿಕ್ಸಿ ಥರ ಕೂಗುತ್ತಿರುತ್ತದೆ. ಇನ್ನೆರಡು ಪ್ರೊಸೆಸರ್ ಕೊಟ್ಟುಬಿಡೋಣ ಅಂತ ಕೈ ಸೆಟ್ಟಿಂಗ್ಸ್‌ಗೆ ಹೋಗುತ್ತದೆ. ಸ್ವಲ್ಪ ತಡೆಯಿರಿ.

ಮೊದಲು ಉಬುಂಟುವಿನ ಟರ್ಮಿನಲ್ ತೆರೆದು 'ಟಾಪ್' (top) ಆಜ್ಞೆ ಕೊಡಿ. ಜಾಸ್ತಿ ತಿನ್ನುವ ಪ್ರೋಗ್ರಾಂ ಮೇಲಿನ ಸಾಲಿನಲ್ಲೇ ಕಾಣುತ್ತದೆ. ಅಲ್ಲಿ 100 ಅಂದರೆ ಪ್ರೊಸೆಸರ್‌ನೊಳಗಿನ ಒಂದು ಕೋರ್ (ಲೆಕ್ಕ ಮಾಡುವ ಘಟಕ) ಪೂರ್ತಿ, ಹಾಗಾಗಿ 150 ಕಂಡರೆ ಗಾಬರಿ ಬೇಡ. ಡೆಸ್ಕ್‌ಟಾಪ್ ತೋರಿಸುವ 'ಗ್ನೋಮ್ ಶೆಲ್' (gnome-shell) ಮೇಲೆ ಕೂತಿದೆಯಾ? ಪರದೆಯ ಚಿತ್ರ ಬಿಡಿಸುವ ಕೆಲಸವೂ ಪ್ರೊಸೆಸರ್ ತಲೆಗೇ ಬಿದ್ದಿರಬಹುದು. ಉಬುಂಟುವಿನೊಳಗೆ ವರ್ಚುವಲ್‌ಬಾಕ್ಸ್‌ನ ಪೂರಕ ಚಾಲಕಗಳಾದ ಗೆಸ್ಟ್ ಅಡಿಷನ್ಸ್ ಹಾಕಿ. ಆಮೇಲೆ ಒಳಗಿನ ಉಬುಂಟುವನ್ನು ಪೂರ್ತಿ ಆಫ್ ಮಾಡಿ, ವರ್ಚುವಲ್‌ಬಾಕ್ಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 3ಡಿ ಆಕ್ಸಿಲರೇಷನ್‌ಗೆ ಟಿಕ್ ಹಾಕಿ. ಮೆಮೊರಿ ಖಾಲಿ ಮಾಡಲು ಒದ್ದಾಡುವ 'ಕೆಸ್ವಾಪ್‌ಡಿ' (kswapd) ಮೇಲೆ ಬಂದಿದ್ದರೆ ಕೊರತೆ ಇರುವುದು ರ‍್ಯಾಮ್‌ನದು. ಉಬುಂಟುವಿಗೆ 2 ಜಿಬಿ ಕೊಟ್ಟಿದ್ದರೆ 4 ಜಿಬಿ ಮಾಡಿ.

ಒಳಗೆ ಎಲ್ಲ ತಣ್ಣಗಿದ್ದು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಮಾತ್ರ ಪ್ರೊಸೆಸರ್ ಉರಿಯುತ್ತಿರುವಂತೆ ಕಂಡರೆ, ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗಿನ ಪಟ್ಟಿ ನೋಡಿ. ಅಲ್ಲೊಂದು ಹಸಿರು ಆಮೆ ಇದೆಯಾ? ನಾನು ತಿಂಗಳುಗಟ್ಟಲೆ ಅದನ್ನು ಅಲಂಕಾರ ಅಂದುಕೊಂಡಿದ್ದೆ! ಇಂಥ ನಕಲಿ ಕಂಪ್ಯೂಟರ್ ಓಡಿಸಲು ಪ್ರೊಸೆಸರ್‌ನಲ್ಲಿರುವ ವರ್ಚುವಲೈಸೇಷನ್ ಸೌಲಭ್ಯವನ್ನು ವಿಂಡೋಸ್‌ನದೇ ವ್ಯವಸ್ಥೆಯಾದ ಹೈಪರ್-ವಿ ಹಿಡಿದುಕೊಂಡಿದೆ, ವರ್ಚುವಲ್‌ಬಾಕ್ಸ್ ಅದರ ಬೆನ್ನೇರಿ ಕುಂಟುತ್ತಿದೆ ಅಂತ ಆ ಆಮೆಯ ಅರ್ಥ. ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಹೈಪರ್-ವಿ, ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್ ಎರಡರ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ. ಆಮೆ ಆಗಲೂ ಕದಲದಿದ್ದರೆ ವಿಂಡೋಸ್ ಸೆಕ್ಯುರಿಟಿಯ ಮೆಮೊರಿ ಇಂಟೆಗ್ರಿಟಿ ಕಾರಣ ಇರಬಹುದು. ಅದು ರಕ್ಷಣೆಗೆ ಇರುವಂಥದ್ದು, ಯೋಚಿಸಿ ಆಫ್ ಮಾಡಿ. ಡಾಕರ್ ಬಳಸುವವರು ಇದ್ಯಾವುದಕ್ಕೂ ಕೈ ಹಾಕುವ ಮೊದಲು ಎರಡು ಸಲ ಯೋಚಿಸಿ, ಅದು ಸಾಮಾನ್ಯವಾಗಿ ಈ ಸೌಲಭ್ಯಗಳನ್ನೇ ನಂಬಿಕೊಂಡಿರುತ್ತದೆ.

ಪ್ರೊಸೆಸರ್ ಸಂಖ್ಯೆಯ ವಿಷಯ ಕೊನೆಗೆ. 4 ಕೋರ್ ಲ್ಯಾಪ್‌ಟಾಪ್‌ನಲ್ಲಿ 2 ಕೊಟ್ಟರೆ ಸಾಕು. ಸೆಟ್ಟಿಂಗ್ಸ್‌ನ ಪ್ರೊಸೆಸರ್ ಸ್ಲೈಡರ್ ಹಸಿರು ದಾಟಿ ಕೆಂಪು ಭಾಗಕ್ಕೆ ಹೋದರೆ ಒಳಗಿನವರೂ ಹೊರಗಿನವರೂ ಒಂದೇ ಕೋರ್‌ಗೆ ಕಿತ್ತಾಡುತ್ತಾರೆ. ಒಳಗಿರುವುದು ಉಬುಂಟು ಬದಲು ಹೊಸದಾಗಿ ಹಾಕಿದ ವಿಂಡೋಸ್ ಆದರೆ ಏನೂ ಮುಟ್ಟಬೇಡಿ. ಅಪ್‌ಡೇಟ್ ಮುಗಿಯಲಿ, ಅಲ್ಲಿಯವರೆಗೆ ಕಾಫಿ ಕುಡಿದು ಬನ್ನಿ.