ಮೊದಲು ಕುರ್ಚಿ, ಆಮೇಲೆ ನಡಿಗೆ

ಮೈಸೂರಿನಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುವವಳು ನಾನು. ಸೊಂಟ ಮುರಿದ ಹಿರಿಯರಿರುವ ಮನೆಗೆ ಕಾಲಿಟ್ಟರೆ ಮೊದಲು ನೋಡುವುದು ಮಂಚದ ಪಕ್ಕದ ಸ್ಟೂಲನ್ನು. ನೀರು, ಕನ್ನಡಕ ಅಲ್ಲೇ ಇರಲಿ. ಕಾಫಿ ಲೋಟ, ತಿಂಡಿ ತಟ್ಟೆ, ದಿನಪತ್ರಿಕೆಯನ್ನು ನಡುಮನೆಗೆ ಸಾಗಿಸುತ್ತೇನೆ. ಬೇಕಿದ್ದರೆ ಎದ್ದು ಬರಬೇಕು.

ನಿವೃತ್ತ ಶಿಕ್ಷಕಿಯೊಬ್ಬರು, 76 ವರ್ಷ, ಬಚ್ಚಲಿನಲ್ಲಿ ಜಾರಿ ತೊಡೆಮೂಳೆಯ ಕತ್ತು, ಅಂದರೆ ಸೊಂಟದ ಕೀಲಿನ ಹತ್ತಿರದ ಭಾಗ, ಮುರಿದುಕೊಂಡಿದ್ದರು. ಕೃತಕ ಕೀಲು ಕೂರಿಸಿದ ಮರುದಿನವೇ ಆಸ್ಪತ್ರೆಯಲ್ಲಿ ವಾಕರ್ ಹಿಡಿಸಿ ನಿಲ್ಲಿಸಿದ್ದರು. ಆ ಕಾಲಿನ ಮೇಲೆ ಪೂರ್ತಿ ಭಾರ ಹಾಕಬಹುದೆಂದು ಶಸ್ತ್ರವೈದ್ಯರು ಬರೆದೂ ಕೊಟ್ಟಿದ್ದರು. ಮನೆಗೆ ಬಂದದ್ದೇ ತಡ, ಮಗ "ಏಳಬೇಡಮ್ಮ, ನಾನಿದ್ದೇನಲ್ಲ" ಎನ್ನತೊಡಗಿದ್ದರು. ವಯಸ್ಸಾದವರ ತೊಡೆಯ ಸ್ನಾಯು ಹಾಸಿಗೆಯಲ್ಲಿ ಬಲುಬೇಗ ಕರಗುತ್ತದೆ.

ಕೈಯಿರುವ ಗಟ್ಟಿ ಕುರ್ಚಿಗೆ ದಪ್ಪ ದಿಂಬು ಹಾಕಿ, ಮಂಡಿ ಸೊಂಟಕ್ಕಿಂತ ತಗ್ಗಿನಲ್ಲಿರುವಂತೆ ಕೂರಿಸಿದೆ. ನೋವಿನ ಮಾತ್ರೆ ಅರ್ಧ ಗಂಟೆ ಮೊದಲೇ ಆಗಿತ್ತು. "ಅಮ್ಮ, ಅಂಚಿಗೆ ಸರಿಯಿರಿ. ಆಪರೇಷನ್ ಆದ ಕಾಲು ಸ್ವಲ್ಪ ಮುಂದೆ. ವಾಕರನ್ನು ಎಳೆಯಬೇಡಿ, ಅದು ಮಗುಚುತ್ತದೆ. ಕುರ್ಚಿಯ ಕೈ ಒತ್ತಿ ಏಳಿ." ಮಗ ಕಂಕುಳಿಗೆ ಕೈಹಾಕಲು ಬಂದರು. ಅವರ ಕೈಗೊಂದು ದಿಂಬು ಕೊಟ್ಟು ಬಾಗಿಲ ಬಳಿ ನಿಲ್ಲಿಸಿದೆ. ಅಮ್ಮನ ಬೆರಳ ಗೆಣ್ಣು ಬೆಳ್ಳಗಾದವು, ತುಟಿ ಬಿಗಿಯಿತು, ಎದ್ದರು. ತಲೆ ಸುತ್ತುತ್ತಿಲ್ಲವೆಂದು ಖಚಿತವಾದ ಮೇಲೆ ವಾಕರ್. ಹೀಗೆ ಐದೈದು ಸಲ, ದಿನಕ್ಕೆ ಮೂರು ಹೊತ್ತು. ಬಲ ಬಂದಂತೆ ಕೈಯ ಆಸರೆ ಕಡಿಮೆ ಮಾಡಿಸಿದೆ.

ನಡಿಗೆಯ ಲೆಕ್ಕ ಸರಳ: ವಾಕರ್, ನೋವಿನ ಕಾಲು, ಗಟ್ಟಿ ಕಾಲು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನದು. ಕೋಲು ಹಿಡಿಯುವ ಹೊತ್ತಿಗೆ ಮಾತ್ರ ಎಲ್ಲ ಮನೆಯಲ್ಲೂ ವಾದ. ಅದು ಗಟ್ಟಿ ಕಾಲಿನ ಕಡೆಯ ಕೈಯಲ್ಲಿರಬೇಕು. ಆಗಲೇ ಮುರಿದ ಬದಿಯ ಸ್ನಾಯುವಿನ ಹೊರೆ ತಗ್ಗುವುದು.

ನೆಲದ ಮೇಲೆ ಕೂರುವುದು, ಕಾಲ ಮೇಲೆ ಕಾಲು ಹಾಕುವುದು ವೈದ್ಯರು ಹೇಳುವವರೆಗೂ ಇಲ್ಲ. ಕಕ್ಕಸಿಗೆ ಎತ್ತರದ ಕಮೋಡ್ ಕುರ್ಚಿ, ರಾತ್ರಿಯಿಡೀ ದಾರಿಗೊಂದು ದೀಪ. ಬರೀ ಗಂಜಿ ಸಾಲದೆಂದು ಬೇಳೆ, ಮೊಸರು, ಮೊಟ್ಟೆ ಸೇರಿಸಿದೆವು. ಮೂಳೆ ಟೊಳ್ಳಾಗುವ ಸವೆತಕ್ಕೆ ವೈದ್ಯರ ಬಳಿ ಚಿಕಿತ್ಸೆ ಕೇಳಿ ಎಂದು ನಾನೇ ನೆನಪಿಸಬೇಕಾಯಿತು. ಆಪರೇಷನ್ ಆಯಿತೆಂದರೆ ಎಲ್ಲ ಮುಗಿಯಿತೆಂದೇ ಮನೆಯವರ ಭಾವನೆ.

ಈಗ ಅವರು ಕೋಲೂರಿ ಬೀದಿ ಕೊನೆಯ ಹಾಲಿನ ಬೂತಿಗೆ ಒಬ್ಬರೇ ಹೋಗಿಬರುತ್ತಾರೆ. ಬಸ್ಸಿನ ಮೊದಲ ಮೆಟ್ಟಿಲು ಎತ್ತರ, ಅಲ್ಲಿ ಇನ್ನೂ ಒಬ್ಬರ ಕೈ ಬೇಕು. ಅದಕ್ಕಾಗಿ ಜಗಲಿಯ ಮೆಟ್ಟಿಲಲ್ಲಿ ಅಭ್ಯಾಸ ನಡೆದಿದೆ.