ಬಾಲಮಂದಿರದ ಮಕ್ಕಳಿಗೆ ಚಿತ್ರ ಕಲಿಸಲು ಹೊರಟಿದ್ದೀರಾ?

ಹುಟ್ಟುಹಬ್ಬಕ್ಕೆ ಕೇಕ್ ತಂದು, ಮಕ್ಕಳ ಜೊತೆ ನಿಂತು, ಆಮೇಲೆ ಪತ್ತೆಯೇ ಇಲ್ಲದ ಜನರನ್ನು, ಮನೆಯವರ ಆಸರೆ ಇಲ್ಲದೆ ಬಾಲಮಂದಿರದ ಆಶ್ರಯದಲ್ಲಿ ಬೆಳೆಯುತ್ತಿರುವ ಈ ಮಕ್ಕಳು ಬೇಕಾದಷ್ಟು ನೋಡಿದ್ದಾರೆ. ಅದಕ್ಕೇ ಮೊದಲ ದಿನವೇ ಯಾರಾದರೂ ಒಬ್ಬರು ಕೇಳುತ್ತಾರೆ, "ಮುಂದಿನ ವಾರಾನೂ ಬರ್ತೀರಾ ಅಕ್ಕಾ?" ವಾರಕ್ಕೊಂದು ದಿನ, ಅದೇ ಹೊತ್ತಿಗೆ, ಕನಿಷ್ಠ ಆರು ತಿಂಗಳು ಬರೋಕಾಗುತ್ತೆ ಅಂದರೆ ಮಾತ್ರ ಹೂಂ ಅನ್ನಿ. ಆಗಲ್ಲ ಅಂದರೆ ಬಣ್ಣದ ಡಬ್ಬಿಗಳನ್ನು ಕೊಡಿಸಿ ಸುಮ್ಮನಿರಿ, ತಪ್ಪೇನಿಲ್ಲ.

ಸುಮ್ನೆ ಗೇಟಿನ ಮುಂದೆ ಹೋಗಿ ನಿಂತರೆ ಒಳಗೆ ಬಿಡಲ್ಲ, ಬಿಡಲೂಬಾರದು. ಸರ್ಕಾರಿ ಬಾಲಮಂದಿರಗಳು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದವು. ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಒಂದು ಅರ್ಜಿ ಕೊಡಿ. ಏನು ಕಲಿಸ್ತೀರಿ, ವಾರದ ಯಾವ ದಿನ, ಎಷ್ಟು ಹೊತ್ತು ಅಂತ ಬರೆದು ಆಧಾರ್ ನಕಲು ಇಡಿ, ಪೊಲೀಸ್ ವೆರಿಫಿಕೇಶನ್ ಪತ್ರ ಕೇಳಿದರೆ ಅದನ್ನೂ ಮಾಡಿಸಿಕೊಡಿ. ಪೋಷಕತ್ವದಡಿ ಬೇರೆ ಕುಟುಂಬಗಳಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಕಲಿಸಬೇಕು ಅಂತಿದ್ದರೂ ಹೋಗಬೇಕಾದದ್ದು ಇದೇ ಕಚೇರಿಗೆ. ನೀವಾಗಿ ಆ ಮನೆ ಹುಡುಕಿಕೊಂಡು ಹೋಗಬೇಡಿ.

ಫೋಟೋ ಬೇಡವೇ ಬೇಡ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಈ ಮಕ್ಕಳ ಹೆಸರು, ಶಾಲೆ, ಫೋಟೋ, ಗುರುತು ಸಿಗುವಂಥದ್ದು ಯಾವುದನ್ನೂ ಹೊರಗೆ ಹಾಕುವ ಹಾಗಿಲ್ಲ. ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಕ್ಲಾಸಿಗೆ ಹೋಗುವ ಮುಂಚೆ ಫೋನನ್ನು ಬ್ಯಾಗಿಗೆ ಹಾಕಿಬಿಡಿ. ವಾಟ್ಸಾಪ್ ಸ್ಟೇಟಸ್ಸಿಗೂ ಇದೇ ಮಾತು.

ಏನು ಬರೆಸಬೇಕು? ನಾನು ಮೊದಲ ದಿನವೇ ಎಡವಿದ್ದು ಇಲ್ಲಿ. ಎಲ್ಲ ಡ್ರಾಯಿಂಗ್ ಮೇಷ್ಟ್ರ ಹಾಗೆ 'ನನ್ನ ಮನೆ' ಬರೀರಿ ಅಂದುಬಿಟ್ಟೆ. ಒಬ್ಬ ಹುಡುಗ ಬಾಗಿಲು ಬರೆದ, ಅಳಿಸಿದ, ಮತ್ತೆ ಬರೆದ, ಮತ್ತೆ ಅಳಿಸಿದ, ಕೊನೆಗೆ ರಬ್ಬರ್ ಉಜ್ಜಿ ಉಜ್ಜಿ ಹಾಳೆ ಅಲ್ಲೇ ತೂತಾಯಿತು. ಅವನು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮನೆ, ಅಪ್ಪ ಅಮ್ಮ, ಅಮ್ಮಂದಿರ ದಿನದ ಕಾರ್ಡು, ಇವನ್ನು ನೀವಾಗಿ ಎತ್ತಬೇಡಿ. ಅವರಾಗಿ ಬರೆದರೆ ಬರೆಯಲಿ.

ಮೊದಲ ಕ್ಲಾಸಿಗೆ ಬೆಂಡೆಕಾಯಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಸ್ವಲ್ಪ ಬಲಿತ ಬೆಂಡೆಕಾಯಿಯನ್ನು ಮನೆಯಲ್ಲೇ ಅಡ್ಡ ಕತ್ತರಿಸಿ ಡಬ್ಬಿಗೆ ಹಾಕಿಕೊಂಡು ಹೋಗಿ. ಪೋಸ್ಟರ್ ಕಲರ್‌ನಲ್ಲಿ ಅದ್ದಿ ಹಾಳೆ ಮೇಲೆ ಒತ್ತಿದರೆ ಐದು ಎಸಳಿನ ಹೂವು. ಆರು ವರ್ಷದ ಮಗುವಿಗೂ ಬರುತ್ತೆ, "ನಂಗೆ ಚಿತ್ರ ಬರಲ್ಲ ಬಿಡಿ" ಅಂತ ಮೂಲೆಯಲ್ಲಿ ಕೂತ ಹದಿನೈದರ ಹುಡುಗನಿಗೂ ಬರುತ್ತೆ. ಕನ್ನಡ ಬಾರದ ಮಕ್ಕಳೂ ಇರುತ್ತಾರಲ್ಲ, ಅವರಿಗೆ ವಿವರಣೆಯೇ ಬೇಕಿಲ್ಲ.

ಕೆಲವು ವಾರ ಕಳೆದ ಮೇಲೆ ಹಸೆ ಚಿತ್ತಾರಕ್ಕೆ ಕೈ ಹಾಕಿ. ಮಲೆನಾಡಿನ ದೀವರು ಸಮುದಾಯದವರ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆ ಮೇಲೆ, ಅಕ್ಕಿ ಅರೆದ ಬಿಳಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಬರೆಯುತ್ತಾರಲ್ಲ, ಅದು. ಹಳೆಯ ರಟ್ಟಿಗೆ ಕೆಮ್ಮಣ್ಣು ಬಳಿದು ಹಿಂದಿನ ದಿನವೇ ಒಣಗಿಸಿಡಿ. ಬರೀ ಗೆರೆ, ತ್ರಿಕೋನ, ಚುಕ್ಕಿ. ಜಾಸ್ತಿ ಮಾತಾಡದ ಮಕ್ಕಳು ಇದರಲ್ಲಿ ಒಂದೂವರೆ ಗಂಟೆ ಮುಳುಗಿಬಿಡುತ್ತಾರೆ.

ಸಾಮಾನು ಎಲ್ಲರಿಗೂ ಒಂದೇ ಥರದ್ದಿರಲಿ. ಒಬ್ಬರಿಗೆ 24 ಬಣ್ಣದ ಡಬ್ಬಿ, ಇನ್ನೊಬ್ಬರಿಗೆ 12ರದ್ದು ಅಂದರೆ ಅಲ್ಲೇ ಜಗಳ. ಕತ್ತರಿ, ಶಾರ್ಪನರ್ ಎಣಿಸಿ ಕೊಟ್ಟು ಎಣಿಸಿ ವಾಪಸ್ ತಗೊಳ್ಳಿ. ಶಾರ್ಪನರ್‌ನಲ್ಲಿ ಬ್ಲೇಡ್ ಇನ್ನೂ ಇದೆಯಾ ಅಂತಲೂ ನೋಡಿ.

ಕಪ್ಪು ಬಳಿದರೆ ದುಃಖ, ಕೆಂಪು ಬಳಿದರೆ ಸಿಟ್ಟು ಅಂತ ಅರ್ಥ ಹೇಳೋಕೆ ಹೋಗಬೇಡಿ. ಕೆಲವೊಮ್ಮೆ ಉಳಿದ ಬಣ್ಣ ಮುಗಿದಿರುತ್ತೆ ಅಷ್ಟೇ. ಆದರೆ ಬರೆಯುತ್ತಾ ಬರೆಯುತ್ತಾ ಮಗು ತನಗೆ ಯಾರೋ ಏನೋ ಮಾಡಿದ್ದನ್ನು ಹೇಳಿದರೆ ಸಮಾಧಾನವಾಗಿ ಕೇಳಿಸಿಕೊಳ್ಳಿ. ಕೆದಕಬೇಡಿ, 'ಯಾರಿಗೂ ಹೇಳಲ್ಲ' ಅಂತ ಮಾತು ಕೊಡಬೇಡಿ. ಅವತ್ತೇ ಬಾಲಮಂದಿರದ ಸೂಪರಿಂಟೆಂಡೆಂಟ್‌ಗೆ ತಿಳಿಸಿ. ದೂರು ಅಲ್ಲಿಯವರ ಮೇಲೇ ಆಗಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಲೈಂಗಿಕ ದೌರ್ಜನ್ಯದ ವಿಷಯವಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಸೂಪರಿಂಟೆಂಡೆಂಟ್‌ಗೆ ಹೇಳಿದೆ ಅಂತ ಕೂರುವ ಹಾಗಿಲ್ಲ.

ಇನ್ನೊಂದು. 'ಮುಂದಿನ ವಾರ ಮುಗಿಸೋಣ' ಅನ್ನುವ ಕೆಲಸ ಆದಷ್ಟು ಕಡಿಮೆ ಇರಲಿ. ಮಗು ಎಲ್ಲಿರಬೇಕು ಅಂತ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಬಂದರೆ ಮಗು ಮಂಗಳವಾರವೇ ಊರಿಗೋ, ಬೇರೆ ಜಿಲ್ಲೆಗೋ, ಹೊಸ ಕುಟುಂಬಕ್ಕೋ ಹೊರಟಿರುತ್ತೆ, ನೀವು ಬರೋದು ಭಾನುವಾರ. ಒಬ್ಬೊಬ್ಬರಿಗೂ ದಾರ ಕಟ್ಟುವ ರಟ್ಟಿನ ಫೈಲು ಕೊಡಿ, ಹೆಸರನ್ನು ಅವರೇ ಬರೆಯಲಿ, ಬಟ್ಟೆ ಇಡುವ ಟ್ರಂಕಿನಲ್ಲೇ ಅದೂ ಇರಲಿ. ಆಫೀಸಿನ ಬೀರುವಿನಲ್ಲಿ ಇಟ್ಟರೆ, ಹೊರಡುವ ಗಡಿಬಿಡಿಯಲ್ಲಿ ಅದರ ಬೀಗದ ಕೈ ಹುಡುಕೋಕೆ ಯಾರಿಗೂ ಪುರುಸೊತ್ತಿರಲ್ಲ.